ಏಳನೆಯ ಹೇಳಿಕೆ

ತಮಗೆ ಆಟಿಸಂ ಇರಬಹುದೇ ಎಂದು ವಯಸ್ಕರು ತಾವೇ ನೋಡಿಕೊಳ್ಳಲು ಬಳಸುವ ಪ್ರಶ್ನಾವಳಿಗಳಲ್ಲಿ ತುಂಬಾ ಹರಡಿರುವುದು ‘ಎಕ್ಯೂ’. ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಇದರಲ್ಲಿ 50 ಹೇಳಿಕೆಗಳಿವೆ. ಏಳನೆಯದರ ಸಾರ ಇಷ್ಟು: ನಾನು ಸಭ್ಯವಾಗಿಯೇ ಮಾತಾಡಿದೆ ಅಂದುಕೊಂಡಿರುತ್ತೇನೆ, ಆದರೆ ಅದು ಮರ್ಯಾದೆಯ ಮಾತಾಗಿರಲಿಲ್ಲ ಎಂದು ಬೇರೆಯವರು ಪದೇಪದೇ ಹೇಳುತ್ತಾರೆ. ಒಪ್ಪಿದರೆ ಒಂದು ಅಂಕ. ಇಡೀ ಪರೀಕ್ಷೆಯ ಬಲವೂ ದೋಷವೂ ಈ ಒಂದು ಸಾಲಿನಲ್ಲಿ ಕಾಣಸಿಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಬಲ ಏನೆಂದರೆ, ಈ ಸಾಲಿನ ಹಿಂದೆ ನಿಜವಾದ ನೋವಿದೆ. ಗೆಳತಿ ಹೊಸ ಸೀರೆ ಉಟ್ಟು ಬಂದು “ಹೇಗಿದೆ?” ಅಂದಾಗ “ಹೋದ ಸಲದ್ದೇ ಚೆನ್ನಾಗಿತ್ತು” ಅಂದವಳು, ಕೇಳಿದ್ದಕ್ಕೆ ಉತ್ತರ ಕೊಟ್ಟೆ ಅಂದುಕೊಂಡಿರುತ್ತಾಳೆ. ಗೆಳತಿ ಮಾತು ಬಿಡುತ್ತಾಳೆ. ಯಾಕೆ ಎಂದು ಇವಳಿಗೆ ತಿಂಗಳಾದರೂ ತಿಳಿಯುವುದಿಲ್ಲ. ಹೀಗೆ ಅಹಂಕಾರಿ, ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಅನ್ನಿಸಿಕೊಂಡೇ ನಲವತ್ತು ದಾಟಿದ ಹೆಂಗಸು ಈ ಸಾಲನ್ನು ಓದಿ, ತನ್ನಂಥವರು ಇನ್ನೂ ಇದ್ದಾರೆ ಎಂದು ಮೊದಲ ಸಲ ಅರಿಯುವುದು ಸಣ್ಣ ಸಂಗತಿಯಲ್ಲ. ಮನೆಯಲ್ಲೇ ಕೂತು ತುಂಬುವ ಪರೀಕ್ಷೆಗಳೆಲ್ಲ ಬರೀ ಖಯಾಲಿ ಎಂದು ತಳ್ಳಿಹಾಕುವ ವೈದ್ಯರ ಮಾತನ್ನು ನಾನು ಒಪ್ಪುವುದಿಲ್ಲ. ಬಾಲ್ಯದಲ್ಲಿ ಯಾರ ಗಮನಕ್ಕೂ ಬಾರದೆ ಬೆಳೆದವರಿಗೆ ತಜ್ಞರ ಬಳಿ ಹೋಗುವ ಧೈರ್ಯ ಬರುವುದು ಎಷ್ಟೋ ಸಲ ಇಂಥ ಒಂದು ಹಾಳೆಯಿಂದಲೇ.

ಆದರೆ ಆ ಹಾಳೆ ಅಳೆಯುವುದು ಏನನ್ನು? ಏಳನೆಯ ಹೇಳಿಕೆಯನ್ನು ಮತ್ತೊಮ್ಮೆ ನೋಡಿ. ನೀವು ಎಷ್ಟು ಜನರನ್ನು ನೋಯಿಸಿದಿರಿ ಎಂದು ಅದು ಕೇಳುತ್ತಿಲ್ಲ. ನೋಯಿಸಿದಿರಿ ಎಂದು ಎಷ್ಟು ಸಲ ಹೇಳಿಸಿಕೊಂಡಿರಿ ಎಂದು ಕೇಳುತ್ತಿದೆ. ಈ ಎರಡರ ನಡುವೆ ಅಧಿಕಾರ ನಿಂತಿದೆ. ಮನೆಯ ಯಜಮಾನ ಬಂದವರೆದುರು “ಇವಳಿಗೆ ಅಡಿಗೆ ಬರಲ್ಲ” ಅಂದರೆ ಯಾರೂ ತುಟಿ ಬಿಚ್ಚುವುದಿಲ್ಲ. ಸೊಸೆ “ಸಾರಿಗೆ ಉಪ್ಪು ಜಾಸ್ತಿ ಆಗಿದೆ” ಅಂದರೆ ಸಂಜೆಯೊಳಗೆ ಮೂರು ಜನ ಬುದ್ಧಿ ಹೇಳುತ್ತಾರೆ. ಕಚೇರಿಯಲ್ಲೂ ಅಷ್ಟೇ: ಮ್ಯಾನೇಜರ್ ಬಿಚ್ಚುಮಾತಿನವರು, ಹೊಸದಾಗಿ ಸೇರಿದ ಹುಡುಗನಿಗೆ ಮಾತಾಡಲು ಬರುವುದಿಲ್ಲ. ಪ್ರಾಮಾಣಿಕವಾಗಿ ಉತ್ತರಿಸಿದರೆ ಯಜಮಾನನಿಗೆ ಸೊನ್ನೆ, ಸೊಸೆಗೆ ಒಂದು. ನಾಲ್ಕು ಜನರ ನಡುವಿನ ಸಂಬಂಧದಲ್ಲಿ ಹುಟ್ಟಿದ್ದನ್ನು ಒಬ್ಬಳ ಸ್ವಭಾವದ ಖಾತೆಗೆ ಬರೆದ ಹಾಗಾಯಿತು. ಸಾಲದ್ದಕ್ಕೆ, ‘ಸ್ವಲ್ಪ ಒಪ್ಪುತ್ತೇನೆ’ ಅಂದರೂ ‘ಪೂರ್ತಿ ಒಪ್ಪುತ್ತೇನೆ’ ಅಂದರೂ ಅದೇ ಒಂದು ಅಂಕ. ಅಪರೂಪಕ್ಕೆ ಅನ್ನಿಸಿಕೊಂಡವರೂ ದಿನಾ ಅನ್ನಿಸಿಕೊಳ್ಳುವವರೂ ಒಂದೇ ಸಾಲಿಗೆ ಬರುತ್ತಾರೆ.

ಊರಿಂದೂರಿಗೆ ಮರ್ಯಾದೆಯ ಗೆರೆಯೂ ಸರಿಯುತ್ತದೆ. ಮದುವೆ ಮನೆಯಲ್ಲಿ ಗುರುತಿಲ್ಲದವರು “ಸಂಬಳ ಎಷ್ಟು? ಇನ್ನೂ ಮಕ್ಕಳಾಗಿಲ್ವಾ?” ಎಂದು ಕೇಳಿದರೆ ಅದು ವಿಚಾರಿಸಿಕೊಳ್ಳುವ ರೀತಿ, ಊಟಕ್ಕೆ ಕರೆದಾಗ “ಬೇಡ, ನನಗೆ ಇಷ್ಟವಿಲ್ಲ” ಅಂದರೆ ಅದು ಅವಮಾನ. ಬ್ರಿಟನ್, ಭಾರತ, ಮಲೇಷ್ಯಾಗಳ ವಿದ್ಯಾರ್ಥಿಗಳ ಎಕ್ಯೂ ಅಂಕಗಳನ್ನು ಹೋಲಿಸಿದ 2013ರ ಅಧ್ಯಯನವೊಂದರಲ್ಲಿ ಬ್ರಿಟನ್ನಿನವರಿಗಿಂತ ಉಳಿದೆರಡು ದೇಶಗಳವರಿಗೆ ಸರಾಸರಿ ಅಂಕ ಹೆಚ್ಚು ಬಂತು. ಭಾರತದಲ್ಲಿ ಆಟಿಸಂ ಹೆಚ್ಚು ಎಂದು ಇದರಿಂದ ಹೇಳಲಾಗದು. ಆಟಿಸಂ ಇರಬಹುದು ಎನ್ನಲು ಕೇಂಬ್ರಿಜ್‌ನಲ್ಲಿ ನಿಗದಿಯಾದ 32 ಅಂಕದ ಗೆರೆ ಬೆಂಗಳೂರಿನಲ್ಲೂ ಅದೇ ಅರ್ಥ ಕೊಡುತ್ತದೆ ಎಂದು ನಂಬುವುದಕ್ಕೆ ಮುಂಚೆ ಯೋಚಿಸಬೇಕು ಎಂದಂತೂ ಹೇಳಬಹುದು.

ಆ ಗೆರೆ ಬಂದದ್ದು ಹೀಗೆ: ಮೂಲ ಅಧ್ಯಯನದಲ್ಲಿ ಆಟಿಸಂ ಇದೆ ಎಂದು ಮೊದಲೇ ಖಚಿತವಾಗಿದ್ದ ವಯಸ್ಕರಲ್ಲಿ ಶೇ. 80ರಷ್ಟು ಜನ 32 ಮುಟ್ಟಿದರು, ಸಾಮಾನ್ಯ ಜನರಲ್ಲಿ ಶೇ. 2 ಮಾತ್ರ. ಅಂತರ ದೊಡ್ಡದು. ಆದರೆ ತನಗೆ ಏನೋ ಇದೆ ಎಂಬ ಅನುಮಾನ ಹೊತ್ತು ಬರುವವರೆಲ್ಲ ಈಗಾಗಲೇ ಬಳಲಿದವರು, ಅವರನ್ನು ಬೇರ್ಪಡಿಸುವುದು ಬೇರೆಯೇ ಕೆಲಸ. ತಪಾಸಣೆಗೆ ಬಂದ 476 ವಯಸ್ಕರನ್ನು ನೋಡಿದ ಬ್ರಿಟನ್ನಿನ 2016ರ ಅಧ್ಯಯನದಲ್ಲಿ, ಯಾರಿಗೆ ಆಟಿಸಂ ಖಚಿತವಾಗುತ್ತದೆ ಎಂಬುದನ್ನು ಎಕ್ಯೂ ಅಂಕ ಮುಂಗಂಡಿರಲಿಲ್ಲ. ಆ ಅಧ್ಯಯನ ಬಳಸಿದ ಗೆರೆಗಿಂತ ಕೆಳಗಿದ್ದವರಲ್ಲಿ ಶೇ. 64 ಜನರಿಗೆ ಆಟಿಸಂ ಇತ್ತು. ಆತಂಕದ ಕಾಯಿಲೆಯಿಂದಲೂ ಅಂಕ ಏರಬಹುದು ಎಂಬ ಸೂಚನೆಯಿತ್ತು. ಎಕ್ಯೂ ರೋಗನಿರ್ಣಯದ ಸಾಧನವಲ್ಲ ಎಂದು ಅದನ್ನು ರೂಪಿಸಿದವರೇ ಹೇಳಿದ್ದರು. ಅಂಕ ಬಂದ ಸಂಜೆಯೇ ತಾನು ಇಂಥವನು ಎಂದೋ ಅಲ್ಲವೆಂದೋ ತೀರ್ಮಾನಿಸಿಬಿಡುವವರಿಗೆ ಆ ಎಚ್ಚರಿಕೆ ತಲುಪಿಲ್ಲ.

ಬ್ಯಾರನ್-ಕೋಹೆನ್ ಗುಂಪಿನವರು ಕೈಜೋಡಿಸಿ ರೂಪಿಸಿದ ಇನ್ನೊಂದು ಪರೀಕ್ಷೆ, ಬೇಕೆಂದು ಮಾಡದ ಅವಮಾನವನ್ನೇ ವಿಷಯವಾಗಿಸಿಕೊಂಡದ್ದು, ಈ ವಿಚಾರದಲ್ಲಿ ಹೆಚ್ಚು ನ್ಯಾಯವಾಗಿದೆ. ಅದರಲ್ಲೊಂದು ಪುಟ್ಟ ಕತೆ: ಹೊಸ ಮನೆಗೆ ಬಂದವಳು ಆಗಷ್ಟೇ ಪರದೆ ಕೊಂಡು ತೂಗುಹಾಕಿದ್ದಾಳೆ, ನೋಡಲು ಬಂದ ಗೆಳತಿ, ಈ ಪರದೆ ಕೆಟ್ಟದಾಗಿದೆ, ಬದಲಾಯಿಸು ಅನ್ನುತ್ತಾಳೆ. ಯಾರು ಆಡಬಾರದ ಮಾತಾಡಿದರು ಎಂದು ಕೇಳಿ ಪರೀಕ್ಷೆ ನಿಲ್ಲುವುದಿಲ್ಲ. ಪರದೆ ಕೊಂಡವರು ಯಾರೆಂದು ಗೆಳತಿಗೆ ಗೊತ್ತಿತ್ತೇ ಎಂದೂ ಕೇಳುತ್ತದೆ. ಗೊತ್ತಿಲ್ಲದೆ ಆಡಿದ್ದು ಬೇರೆ, ನೋಯಿಸಲೆಂದೇ ಆಡಿದ್ದು ಬೇರೆ ಎಂಬುದನ್ನು ಅಲ್ಲಿ ಎದುರಿಗಿಟ್ಟು ನೋಡಲಾಗುತ್ತದೆ. ಏಳನೆಯ ಹೇಳಿಕೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಒಂದೇ ತೊಡಕು: ಕತೆ ಓದುವವರಿಗೆ ಎಲ್ಲವೂ ಮೊದಲೇ ಗೊತ್ತು, ಬದುಕಿನಲ್ಲಿ ನಾವು ಆ ಗೆಳತಿಯ ಜಾಗದಲ್ಲಿರುತ್ತೇವೆ.

ತಪ್ಪು ತಿಳಿವಳಿಕೆಗೆ ಎರಡು ಬದಿಯಿದೆ ಎಂದು ಗಟ್ಟಿಯಾಗಿ ವಾದಿಸಿದವರು ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್, 2012ರಲ್ಲಿ. ಆಟಿಸಂ ಇರುವವರು ಇತರರನ್ನು ಅರಿಯಲು ಕಷ್ಟಪಡುವಂತೆ, ಇಲ್ಲದವರೂ ಅವರನ್ನು ಅರಿಯಲು ಸೋಲುತ್ತಾರೆ. ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಕತೆಯೊಂದನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಪ್ರಯೋಗ ಮಾಡಿದರು. ಆಟಿಸಂ ಇರುವವರಷ್ಟೇ ಇದ್ದ ಸಾಲಿನಲ್ಲೂ ಇಲ್ಲದವರಷ್ಟೇ ಇದ್ದ ಸಾಲಿನಲ್ಲೂ ಕತೆ ಒಂದೇ ಮಟ್ಟಕ್ಕೆ ಉಳಿಯಿತು. ಇಬ್ಬರೂ ಬೆರೆತ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು. ಕೊರತೆ ಒಬ್ಬರದೇ ಆಗಿದ್ದರೆ ಫಲಿತಾಂಶ ಹೀಗೆ ಬರುತ್ತಿರಲಿಲ್ಲ.

ಆದ್ದರಿಂದ ಜಗಳದ ನಡುವೆ “ನಿನಗೆ ಆಟಿಸಂ ಇರಬೇಕು, ಆ ಟೆಸ್ಟ್ ತಗೊ” ಎಂದು ಗಂಡನೋ ಹೆಂಡತಿಯೋ ಎಸೆಯುವ ಮಾತು ನನಗೆ ಕ್ರೂರವಾಗಿ ಕಾಣುತ್ತದೆ. “ನನ್ನ ಅಂಕ 36, ನನ್ನನ್ನು ಏನೂ ಅನ್ನಬೇಡ” ಎಂಬ ಉತ್ತರವೂ ನೊಂದವರಿಗೆ ನ್ಯಾಯ ಮಾಡುವುದಿಲ್ಲ. ಉದ್ದೇಶವಿಲ್ಲದಿದ್ದರೂ ನೋವು ಆಗಿಯೇ ಇರುತ್ತದೆ. ಯಾವ ಮಾತು, ಯಾಕೆ ತಾಗಿತು ಎಂದು ನೇರವಾಗಿ ಹೇಳಿದರೆ ಆಟಿಸಂ ಇರುವ ಅನೇಕರು ಮನಸ್ಸಿಗೆ ಹಚ್ಚಿಕೊಂಡು ತಿದ್ದಿಕೊಳ್ಳುತ್ತಾರೆ; ಮುಖ ಊದಿಸಿಕೊಂಡು ಸುಮ್ಮನಾದರೆ ಅವರಿಗೆ ಏನೂ ತಲುಪುವುದಿಲ್ಲ.

ನಮ್ಮಲ್ಲಿ ಆಟಿಸಂಗೆ ಅಂಗವೈಕಲ್ಯ ಪ್ರಮಾಣಪತ್ರ ಕೊಡಲು ಬಳಸುವ 40 ಅಂಶಗಳ ‘ಐಸಾ’ ಮಾಪಕವನ್ನು ತುಂಬುವವರು ಪರೀಕ್ಷಕರು, ಎದುರಿಗೆ ಕೂತು ಗಮನಿಸಿ, ಹೆತ್ತವರನ್ನು ಕೇಳಿ. ತನ್ನ ಬಗ್ಗೆ ತಾನೇ ಯೋಚಿಸುತ್ತಿರುವ ನಲವತ್ತರ ಸೊಸೆಗಾಗಿ ಮಾಡಿದ್ದಲ್ಲ ಅದು. ಅವಳಿಗಾಗಿ ಕನ್ನಡದಲ್ಲೊಂದು ಪ್ರಶ್ನಾವಳಿ ಸಿದ್ಧವಾಗುವುದಾದರೆ ಏಳನೆಯ ಹೇಳಿಕೆ ಒಂದೇ ಸಾಲಿನದಾಗಿರಬಾರದು. ನಿಮ್ಮ ಮಾತು ಒರಟು ಅಂದವರು ಯಾರು, ಅವರಿಗೆ ನೀವು ಏನಾಗಬೇಕು, ಅದೇ ಮಾತನ್ನು ಅವರು ಆಡಿದಾಗ ಯಾರಾದರೂ ತಡೆದರೇ, ತಪ್ಪೇನೆಂದು ನಿಮಗೆ ಬಿಡಿಸಿ ಹೇಳಿದರೇ ಎಂದೂ ಕೇಳಬೇಕು.