‘ಮಾನ್‌ಸ್ಟರ್’ ಮತ್ತು ಅದರ ಸಜಾತೀಯ ಕೃತಿಗಳು

ಕೃತಿಯೊಂದು ಮನಸ್ಸನ್ನು ಬಲವಾಗಿ ಹಿಡಿದಾಗ ಅಂಥದೇ ಮತ್ತೊಂದನ್ನು ಅರಸುವುದು ಸಹೃದಯನ ಸಹಜ ಪ್ರವೃತ್ತಿ. ಆದರೆ ‘ಅಂಥದೇ’ ಎಂಬ ಮಾತಿನ ಅರ್ಥವೇನೆಂದು ವಿಚಾರಿಸುವವರು ವಿರಳ. ಎರಡು ಕೃತಿಗಳ ಸಾದೃಶ್ಯವು ರಸದಲ್ಲಿರಬಹುದು, ವಸ್ತುವಿನಲ್ಲಿರಬಹುದು, ಇಲ್ಲವೆ ಅವು ಎತ್ತುವ ಪ್ರಶ್ನೆಯಲ್ಲಿರಬಹುದು. ಈ ಮೂರನ್ನೂ ಬೇರ್ಪಡಿಸಿ ನೋಡದೆ ನಡೆಸುವ ಶೋಧವು ಬಹುಮಟ್ಟಿಗೆ ನಿಷ್ಫಲವಾಗುತ್ತದೆಂಬುದು ನಮ್ಮ ಅಭಿಪ್ರಾಯ. ಇದನ್ನು ‘ಮಾನ್‌ಸ್ಟರ್’ ಎಂಬ ಜಪಾನೀ ಅನಿಮೆಯ ನಿದರ್ಶನದಿಂದ ಪರಿಶೀಲಿಸಬಹುದು.

ನವೋಕಿ ಉರಸಾವಾ ಅವರು 1994ರಿಂದ 2001ರವರೆಗೆ ಧಾರಾವಾಹಿಯಾಗಿ ಪ್ರಕಟಿಸಿದ ಚಿತ್ರಕಥೆಯನ್ನು ಮಸಯುಕಿ ಕೊಜಿಮಾ ಅವರ ನಿರ್ದೇಶನದಲ್ಲಿ ಮ್ಯಾಡ್‌ಹೌಸ್ ಸಂಸ್ಥೆಯು 2004-05ರಲ್ಲಿ 74 ಕಂತುಗಳ ಅನಿಮೆಯಾಗಿ ರೂಪಿಸಿತು. ಕಥೆ ತೊಡಗುವುದು 1986ರ ಪಶ್ಚಿಮ ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದಲ್ಲಿ. ಜಪಾನೀ ಶಸ್ತ್ರವೈದ್ಯ ಟೆನ್ಮಾ ಮೇಲಧಿಕಾರಿಯ ಅಪ್ಪಣೆಗೆ ಮಣಿದು ತುರ್ಕಿಯ ಕೂಲಿಕಾರನೊಬ್ಬನನ್ನು ಬಿಟ್ಟು ಪ್ರಖ್ಯಾತ ಗಾಯಕನಿಗೆ ಚಿಕಿತ್ಸೆ ಮಾಡುತ್ತಾನೆ, ಕೂಲಿಕಾರನು ಸಾಯುತ್ತಾನೆ. ಈ ಪಾಪಪ್ರಜ್ಞೆಯಿಂದ ನೊಂದ ವೈದ್ಯನು ಮುಂದೊಮ್ಮೆ ಅಪ್ಪಣೆಯನ್ನು ಮೀರಿ, ನಗರದ ಮೇಯರನ್ನು ಬಿಟ್ಟು, ತಲೆಗೆ ಗುಂಡು ತಗುಲಿದ ಬಾಲಕನನ್ನು ಉಳಿಸುತ್ತಾನೆ. ಒಂಬತ್ತು ವರ್ಷಗಳ ಅನಂತರ ಆ ಬಾಲಕನು ನಿರ್ದಯ ಕೊಲೆಗಾರನಾಗಿ ಎದುರು ನಿಲ್ಲುತ್ತಾನೆ. ಕೊಲೆಯ ಆರೋಪವನ್ನು ತಾನೇ ಹೊತ್ತು ತಲೆಮರೆಸಿಕೊಂಡ ಟೆನ್ಮಾ, ತಾನು ಉಳಿಸಿದ ಜೀವವನ್ನು ತಾನೇ ತೆಗೆಯಲು ಹೊರಡುತ್ತಾನೆ. ಎಲ್ಲ ಜೀವಗಳ ಬೆಲೆಯೂ ಒಂದೆಯೇ ಎಂಬುದು ಕೃತಿಯ ಮೂಲಪ್ರಶ್ನೆ.

ಇದರ ಕತ್ತಲೆಯನ್ನು ಮಾತ್ರ ಮೆಚ್ಚಿದವರು ಭಯಾನಕ, ಬೀಭತ್ಸಗಳು ತುಂಬಿದ ಕೃತಿಗಳನ್ನು ಹುಡುಕುತ್ತಾರೆ. ಅಂಥವು ಹೇರಳವಾಗಿವೆ, ಆದರೆ ತೃಪ್ತಿ ದೊರೆಯುವುದಿಲ್ಲ. ‘ಮಾನ್‌ಸ್ಟರ್’ನಲ್ಲಿ ಭಯವು ರಕ್ತಪಾತದಿಂದ ಹುಟ್ಟಿದುದಲ್ಲ, ಶಾಂತವಾದ ಮಾತುಕತೆಯಿಂದ ಹುಟ್ಟಿದುದು. ರಸವೊಂದನ್ನೇ ಬೆನ್ನಟ್ಟಿದವನಿಗೆ ಅದರ ಕಾರಣವು ಕೈತಪ್ಪುತ್ತದೆ.

ವಸ್ತುವಿನ ಸಾದೃಶ್ಯವನ್ನು ಅರಸುವವರಿಗೆ 1963ರಿಂದ 1967ರವರೆಗೆ ಪ್ರಸಾರವಾದ ಅಮೆರಿಕದ ದೂರದರ್ಶನ ಮಾಲೆ ‘ದಿ ಫ್ಯುಜಿಟಿವ್’ ಸಿದ್ಧವಾಗಿದೆ. ಅಲ್ಲಿಯೂ ನಿರಪರಾಧಿಯಾದ ವೈದ್ಯನಿದ್ದಾನೆ, ಪಟ್ಟುಬಿಡದೆ ಬೆನ್ನುಹತ್ತುವ ಅಧಿಕಾರಿಯಿದ್ದಾನೆ, ಊರಿಂದೂರಿಗೆ ಅಲೆದಾಟವುಂಟು. ಹಂದರವು ಒಂದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ನಾಯಕ ಕಿಂಬಲ್‌ಗೆ ಬೇಕಾಗಿರುವುದು ತನ್ನ ನಿರ್ದೋಷಿತ್ವದ ಪ್ರಮಾಣ. ಟೆನ್ಮಾನಿಗೆ ಅದು ಗೌಣ. ಅವನನ್ನು ಬಾಧಿಸುವುದು ತಾನು ಮಾಡಿದ ಒಳ್ಳೆಯ ಕಾರ್ಯ.

ಪ್ರಶ್ನೆಯ ಸಾದೃಶ್ಯವನ್ನು ಕಾಣಬೇಕಾದರೆ ಕ್ಯಾರಲ್ ರೀಡ್ ನಿರ್ದೇಶಿಸಿದ, ಗ್ರಹಾಂ ಗ್ರೀನ್ ಚಿತ್ರಕಥೆ ಬರೆದ ‘ದಿ ಥರ್ಡ್ ಮ್ಯಾನ್’ (1949) ಚಲನಚಿತ್ರವನ್ನು ನೋಡಬೇಕು. ಯುದ್ಧಾನಂತರ ನಾಲ್ಕು ರಾಷ್ಟ್ರಗಳ ಆಡಳಿತಕ್ಕೆ ಒಳಗಾಗಿದ್ದ ವಿಯೆನ್ನಾದಲ್ಲಿ ಹ್ಯಾರಿ ಲೈಮ್ ಕಲಬೆರಕೆಯ ಪೆನಿಸಿಲಿನ್ ಮಾರುತ್ತಾನೆ. ರೋಗಿಗಳಾದ ಮಕ್ಕಳು ಅದಕ್ಕೆ ಬಲಿಯಾಗುತ್ತಾರೆ. ಎತ್ತರದ ತಿರುಗುತೊಟ್ಟಿಲಿನಿಂದ ಕೆಳಗಿನ ಜನರನ್ನು ಬರಿಯ ಚುಕ್ಕೆಗಳೆಂದು ಅವನು ತೋರಿಸುವ ಸನ್ನಿವೇಶವು ಟೆನ್ಮಾನ ಆಸ್ಪತ್ರೆಯ ತಾರತಮ್ಯಕ್ಕೆ ನೇರವಾದ ಪೂರ್ವರೂಪ. ಕೊನೆಗೆ ಗುಂಡು ಹೊಡೆಯುವವನೂ ಅವನ ಗೆಳೆಯನೇ. ಒಂದರ ಕಾಲ 1940ರ ದಶಕ, ಇನ್ನೊಂದರದು 1990ರ ದಶಕ; ಆದರೂ ಔಷಧ ಮತ್ತು ಬಂದೂಕು ಎರಡರ ನಡುವೆ ನಿಂತ ಮನುಷ್ಯನ ಸಂಕಟವು ಒಂದೇ.

ಇತಿಹಾಸದ ವಿದ್ಯಾರ್ಥಿಗಳಾದ ನಾವು ಇಲ್ಲಿಗೆ ನಿಲ್ಲುವಂತಿಲ್ಲ. ಕೊಲೆಗಾರನು ಬೆಳೆದ ‘511 ಕಿಂಡರ್‌ಹೈಮ್’ ಎಂಬ ಪೂರ್ವ ಬರ್ಲಿನ್ನಿನ ಅನಾಥಾಲಯವು ಕಲ್ಪಿತವಾದುದು. ಆದರೆ ಪೂರ್ವ ಜರ್ಮನಿಯ ಟೊರ್ಗೌ ಪಟ್ಟಣದಲ್ಲಿ ‘ಮರುಶಿಕ್ಷಣ’ದ ಹೆಸರಿನಲ್ಲಿ ಎಳೆಯರನ್ನು ನ್ಯಾಯಾಲಯದ ತೀರ್ಪಿಲ್ಲದೆ ಕೂಡಿಹಾಕಿದ ಸಂಸ್ಥೆಯೊಂದು 1964ರಿಂದ 1989ರವರೆಗೆ ಇದ್ದುದು ನಿಜ, ಅಲ್ಲಿಗೆ ಕಳುಹಿಸಲ್ಪಟ್ಟವರು 4,000ಕ್ಕೂ ಹೆಚ್ಚು. ಈ ರಾಜ್ಯವ್ಯವಸ್ಥೆಯನ್ನು ಅರಿಯಲು ಆನಾ ಫಂಡರ್ ಅವರ ‘ಸ್ಟಾಸಿಲ್ಯಾಂಡ್’ (2003) ಉತ್ತಮ ಗ್ರಂಥ. ಗುಪ್ತಪೊಲೀಸರಿಂದ ಪೀಡಿತರಾದವರನ್ನೂ ಪೀಡಿಸಿದ ಅಧಿಕಾರಿಗಳನ್ನೂ, ಹರಿದ ಕಡತಗಳ ಚೂರುಗಳನ್ನು ಕೂಡಿಸುತ್ತಿದ್ದವರನ್ನೂ ಲೇಖಕಿ ಕಂಡು ಮಾತನಾಡಿಸಿದ್ದಾರೆ. ಇದನ್ನು ಓದಿದಾಗ ‘ಮಾನ್‌ಸ್ಟರ್’ನ ಒಂದು ಕೊರತೆಯೂ ಸ್ಪಷ್ಟವಾಗುತ್ತದೆ. ಅನಿಮೆಯು ಕೇಡನ್ನು ಅಸಾಧಾರಣ ಪುರುಷನೊಬ್ಬನಲ್ಲಿ ಸಾಂದ್ರಗೊಳಿಸುತ್ತದೆ; ಆ ಪುರುಷನು ಸುಂದರನೂ ಬುದ್ಧಿವಂತನೂ ಆಗಿರುವುದರಿಂದ ಕೇಡಿಗೆ ಒಂದು ಬಗೆಯ ಘನತೆ ಬಂದುಬಿಡುತ್ತದೆ. ಫಂಡರ್ ತೋರಿಸುವ ಕೇಡಾದರೋ ಸಂಬಳ ಪಡೆದು, ವರದಿ ಬರೆದು, ಸಂಜೆ ಮನೆಗೆ ಹೋಗುವಂಥದು. ಇದೇ ಹೆಚ್ಚು ಭಯಂಕರವೆಂದು ನಮಗೆ ತೋರುತ್ತದೆ.

ಕಡೆಯದಾಗಿ ಪಾಡ್‌ಕಾಸ್ಟ್‌ಗಳ ಮಾತು. ಮ್ಯಾಡಲಿನ್ ಬರಾನ್ ನಿರೂಪಿಸಿದ ‘ಇನ್ ದಿ ಡಾರ್ಕ್’ ಮಾಲೆಯ ಎರಡನೆಯ ಭಾಗವು (2018) ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪುಜನಾಂಗದವರ ಮೊಕದ್ದಮೆಯನ್ನು ಕುರಿತುದು. ಮಿಸಿಸಿಪ್ಪಿಯ ವಿನೋನಾ ಪಟ್ಟಣದಲ್ಲಿ 1996ರಲ್ಲಿ ನಡೆದ ನಾಲ್ವರ ಕೊಲೆಗಾಗಿ ಒಬ್ಬನೇ ಸರ್ಕಾರಿ ವಕೀಲನು ಅವರನ್ನು ಆರು ಸಲ ವಿಚಾರಣೆಗೆ ಗುರಿಪಡಿಸಿದನು. ಜ್ಯೂರಿಯ ಆಯ್ಕೆಯಲ್ಲಿ ವರ್ಣಭೇದ ನಡೆದಿತ್ತೆಂದು 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಿಕ್ಷೆಯ ತೀರ್ಪನ್ನು ರದ್ದುಗೊಳಿಸಿತು. 2020ರಲ್ಲಿ ಆರೋಪಗಳನ್ನು ಕೈಬಿಡಲಾಯಿತು. ಜೀವದ ಬೆಲೆಯ ಪ್ರಶ್ನೆ ಇಲ್ಲಿಯೂ ಉಂಟು. ಆದರೆ ಇಲ್ಲಿ ಸತ್ತವರು ಪಾತ್ರಗಳಲ್ಲ, ಮನುಷ್ಯರು. ಕಾವ್ಯದಲ್ಲಿ ಶೋಕವು ಕರುಣರಸವಾಗುತ್ತದೆ. ಲೋಕದಲ್ಲಿ ಶೋಕವು ಶೋಕವೇ. ರಂಜನೆಗಾಗಿ ಅನ್ಯರ ದುಃಖವನ್ನು ಕಿವಿಗೊಟ್ಟು ಕೇಳುವವನು ಲೈಮ್‌ನಂತೆ ಎತ್ತರದಲ್ಲಿ ಕುಳಿತು ಚುಕ್ಕೆಗಳನ್ನು ನೋಡಿದಂತಾದೀತು.

ಆದಕಾರಣ ಪ್ರಿಯಕೃತಿಗೆ ಸಂಗಾತಿಯನ್ನು ಅರಸುವವರು ಅದರ ಬಣ್ಣವನ್ನಲ್ಲ, ಪ್ರಶ್ನೆಯನ್ನು ಹಿಡಿದು ಹೊರಡುವುದು ಮೇಲು. ‘ದಿ ಥರ್ಡ್ ಮ್ಯಾನ್’ ನೋಡಿ, ‘ಸ್ಟಾಸಿಲ್ಯಾಂಡ್’ ಓದಿ, ಆಮೇಲೆ ‘ಮಾನ್‌ಸ್ಟರ್’ನ ಮೊದಲ ಕಂತುಗಳಿಗೆ ಮರಳಿದರೆ, ಚಿಕಿತ್ಸೆಯಿಲ್ಲದೆ ಸತ್ತ ಆ ಕೂಲಿಕಾರನು ಮೊದಲಿಗಿಂತ ಹೆಚ್ಚು ಸ್ಪಷ್ಟವಾಗಿ ಕಾಣಿಸುವನೆಂದು ನಾವು ನಂಬಿದ್ದೇವೆ.