ಹಾರ್ಡಿ ಗಣಿತ ಓದಿದ್ದು ಯಾಕೆ?

ಗಣಿತವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡವರ ಕೈಗೆ ಯಾರಾದರೂ ಹಿರಿಯರು ಜಿ. ಎಚ್. ಹಾರ್ಡಿಯ 'ಎ ಮ್ಯಾಥಮೆಟೀಶಿಯನ್ಸ್ ಅಪಾಲಜಿ'ಯನ್ನು ಕೊಡುವುದುಂಟು. 1940ರ ಈ ಸಣ್ಣ ಪುಸ್ತಕ ಸಾಹಿತ್ಯದವರಿಗೂ ಪ್ರಿಯವೇ. ಗಣಿತಜ್ಞನನ್ನು ಕವಿಯ ಪಕ್ಕದಲ್ಲಿ ಕೂರಿಸುತ್ತದಲ್ಲ! ಆದರೆ ಮೊದಲ ಪುಟದಲ್ಲೇ ಹಾರ್ಡಿ ಒಂದು ಪೆಟ್ಟು ಕೊಡುತ್ತಾನೆ. ಹೊಸದನ್ನು ಸೃಷ್ಟಿಸುವುದೇ ನಿಜವಾದ ಕೆಲಸ. ವಿವರಿಸುವುದು, ವಿಮರ್ಶಿಸುವುದು, ಮೆಚ್ಚುವುದೆಲ್ಲ ಎರಡನೇ ದರ್ಜೆಯ ಬುದ್ಧಿಗೆ ಬಿಟ್ಟದ್ದು ಎಂಬುದು ಅವನ ನಿಲುವು.

ನಮ್ಮ ಕಾಲೇಜುಗಳಲ್ಲಿ ಪಿಸಿಎಂ ತೆಗೆದುಕೊಂಡು, ಮುಂದೆ ಬಿ.ಎಡ್. ಮಾಡಿ ಮೇಷ್ಟರೋ ಟೀಚರೋ ಆಗಬೇಕೆಂದಿರುವವರು ಎಷ್ಟೋ ಮಂದಿ. ಈ ಮಾತು ಅವರಿಗೆ ಏನು ಹೇಳುತ್ತದೆ? (ವಿಮರ್ಶೆಯನ್ನೇ ಕಸುಬು ಮಾಡಿಕೊಳ್ಳಲು ಹೊರಟ ನನ್ನಂಥವಳಿಗೆ ಹೇಳುವುದಂತೂ ಸ್ಪಷ್ಟವಾಗಿದೆ.)

ಉತ್ತರ ಅದೇ ಪುಸ್ತಕದ ಕೊನೆಯಲ್ಲಿದೆ. 29ನೆಯ ಅಧ್ಯಾಯದಲ್ಲಿ ಹಾರ್ಡಿ ತನ್ನ ಬಾಲ್ಯವನ್ನು ಅಪರೂಪದ ಪ್ರಾಮಾಣಿಕತೆಯಿಂದ ನೆನೆಯುತ್ತಾನೆ. ಹುಡುಗನಾಗಿದ್ದಾಗ ಅವನಿಗೆ ಗಣಿತದ ಮೇಲೆ ಮೋಹವೇನೂ ಇರಲಿಲ್ಲ. ಪರೀಕ್ಷೆ, ವಿದ್ಯಾರ್ಥಿವೇತನ, ಬೇರೆ ಹುಡುಗರನ್ನು ಸೋಲಿಸುವುದು, ಇಷ್ಟೇ. ಹದಿನೈದರ ಸುಮಾರಿಗೆ 'ಎ ಫೆಲೋ ಆಫ್ ಟ್ರಿನಿಟಿ' ಎಂಬ ಕಾದಂಬರಿ ಕೈಗೆ ಸಿಕ್ಕಿತು. ಅಲನ್ ಸೇಂಟ್ ಆಬಿನ್ ಎಂಬ ಗಂಡುಹೆಸರಿನಲ್ಲಿ ಒಬ್ಬ ಮಹಿಳೆ ಬರೆದದ್ದು, ದೊಡ್ಡ ಕೃತಿಯೇನಲ್ಲ. ಕಥೆಯ ಕೊನೆಗೆ ನಾಯಕ ಫೆಲೋ ಆಗಿ, ಕಾಲೇಜಿನ ಹಿರಿಯರ ಜೊತೆ ಕೂತು ಅಕ್ರೋಟು ತಿನ್ನುತ್ತ ಪೋರ್ಟ್ ವೈನ್ ಕುಡಿಯುತ್ತಾನೆ. ಹಾರ್ಡಿಗೆ ಆ ಕುರ್ಚಿ ಬೇಕಾಯಿತು. ಅದು ಸಿಗುವವರೆಗೂ ಗಣಿತವೆಂದರೆ ಅವನಿಗೆ ಆ ಕುರ್ಚಿಯೇ.

ಗಣಿತ ನಿಜಕ್ಕೂ ಏನೆಂದು ತಿಳಿದದ್ದು ಕೇಂಬ್ರಿಜ್‌ನಲ್ಲಿ. ಕಲಿಸುತ್ತಿದ್ದ ಲವ್ ಎಂಬ ಪ್ರೊಫೆಸರ್ ಜೋರ್ಡಾನನ 'ಕೂರ್ ದನಲೀಸ್' ಓದು ಎಂದರು. ಅದು ಒಂದು ಪಠ್ಯಪುಸ್ತಕ! ಒಂದು ಸಾಧಾರಣ ಕಾದಂಬರಿ, ಒಬ್ಬ ಮೇಷ್ಟರ ಸಲಹೆ, ಒಂದು ಪಠ್ಯಪುಸ್ತಕ: ಹಾರ್ಡಿ ಹಾರ್ಡಿಯಾದದ್ದು ಇವುಗಳಿಂದ. ಇವುಗಳಲ್ಲಿ ಎಷ್ಟನ್ನು ಅವನ ಮೊದಲ ಪುಟ ಮೊದಲ ದರ್ಜೆಗೆ ಸೇರಿಸೀತು? ಅಷ್ಟೇಕೆ, 1908ರಲ್ಲಿ ಅವನೇ 'ಎ ಕೋರ್ಸ್ ಆಫ್ ಪ್ಯೂರ್ ಮ್ಯಾಥಮೆಟಿಕ್ಸ್' ಎಂಬ ಪಠ್ಯಪುಸ್ತಕ ಬರೆದ.

'ಅಪಾಲಜಿ'ಯ ಅತ್ಯುತ್ತಮ ಪುಟಗಳೂ ವಿವರಣೆಯ ಪುಟಗಳೇ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ, ಎರಡರ ವರ್ಗಮೂಲ ಅಭಾಗಲಬ್ಧ ಎಂಬ ಎರಡು ಹಳೆಯ ಗ್ರೀಕ್ ಸಾಧನೆಗಳನ್ನು ಅವನು ಗಣಿತ ಬಾರದವರಿಗೆ ಬಿಡಿಸಿ ಹೇಳುತ್ತಾನೆ. ಎರಡನೆಯದು ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ 'ಸಾಧಿಸಿ' ಎಂದು ಬರುವ, ಉರು ಹೊಡೆದು ಅಂಕ ಗಿಟ್ಟಿಸುವ ಪ್ರಶ್ನೆ. ಹಾರ್ಡಿಯಲ್ಲಿ ಅದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಸಾಧನೆ ಅವನದಲ್ಲ, ಹೇಳಿದ ಬಗೆ ಮಾತ್ರ ಅವನದು.

ಈ ವಿರೋಧ ಹಾರ್ಡಿಗೆ ಕಾಣಲಿಲ್ಲವೇ? ಅರವತ್ತು ದಾಟಿದ್ದ, ಹೃದಯಾಘಾತವಾಗಿತ್ತು, ಹೊಸ ಗಣಿತ ಹುಟ್ಟುತ್ತಿರಲಿಲ್ಲ. ಗಣಿತ ಯುವಕರ ಆಟವೆಂಬ ಅವನ ಪ್ರಸಿದ್ಧ ಮಾತನ್ನೂ ಸಿದ್ಧಾಂತ ಎನ್ನುವುದಕ್ಕಿಂತ ಆ ಸಂಕಟದ ಮಾತು ಎಂದೇ ನಾನು ಓದುತ್ತೇನೆ. ಹತ್ತೊಂಬತ್ತರ ವಿದ್ಯಾರ್ಥಿನಿಗೆ ಈ ಪುಸ್ತಕ ಕೊಡುವವರು 29ನೆಯ ಅಧ್ಯಾಯದ ಪುಟ ಮಡಿಸಿ ಕೊಡಲಿ. ಅವಳು ಓದು ಅಲ್ಲಿಂದ ಶುರುಮಾಡಲಿ.