‘ದಿ ರೇಡ್’ ಚಿತ್ರವೂ ಪ್ರೇಕ್ಷಕರ ತೀರ್ಪೂ

ವೇಲ್ಸಿನ ಗ್ಯಾರೆತ್ ಇವಾನ್ಸರು ಇಂಡೊನೇಷ್ಯದಲ್ಲಿ ನಿರ್ದೇಶಿಸಿದ ‘ದಿ ರೇಡ್’ (2011) ಸುಮಾರು 11 ಲಕ್ಷ ಡಾಲರುಗಳಲ್ಲಿ ಮುಗಿದ ಅಲ್ಪವ್ಯಯದ ಚಿತ್ರ. ಜಕಾರ್ತದ ಪಾತಕಿಯೊಬ್ಬನ ಬಹುಮಹಡಿಯ ಕಟ್ಟಡವನ್ನು ಹೊಕ್ಕ ಪೊಲೀಸರ ಪಡೆ ಅಲ್ಲಿಯೇ ಸಿಕ್ಕಿಬೀಳುವುದು, ಕಥೆಯೆಂದರೆ ಇಷ್ಟೆ. 2011ರ ಟೊರಾಂಟೊ ಚಿತ್ರೋತ್ಸವದ ನಡುರಾತ್ರಿಯ ವಿಭಾಗದಲ್ಲಿ ಪ್ರೇಕ್ಷಕರೇ ಇದಕ್ಕೆ ಪ್ರಶಸ್ತಿಯಿತ್ತರು. ಅಮೆರಿಕದ ವಿಮರ್ಶಕ ರೋಜರ್ ಈಬರ್ಟರಾದರೋ ಒಂದೇ ನಕ್ಷತ್ರವನ್ನು ಕೊಟ್ಟು, ಇದರಲ್ಲಿ ಪಾತ್ರರಚನೆಯೇ ಇಲ್ಲವೆಂದು ಆಕ್ಷೇಪಿಸಿದರು. ಕೆರಳಿದ ಓದುಗರಿಗೆ ಅವರು ಮತ್ತೊಂದು ಲೇಖನದಲ್ಲಿ ಉತ್ತರ ಹೇಳಬೇಕಾಯಿತು.

ಆಕ್ಷೇಪವು ಪೂರಾ ಸುಳ್ಳಲ್ಲ. ನಾಯಕ ರಾಮನಿಗೆ (ಹೆಸರು ಆ ನಾಡಿನಲ್ಲಿಯೂ ರೂಢಿಯದೇ) ಗರ್ಭಿಣಿಯಾದ ಹೆಂಡತಿಯುಂಟು, ಶತ್ರುಪಕ್ಷದಲ್ಲಿ ಸೋದರನುಂಟು. ಇವರು ಹೆಸರಿಗೆ ಮಾತ್ರ. ಆದರೆ ಪಾತ್ರವನ್ನು ಮಾತಿನಲ್ಲಿಯೇ ಅರಸುವುದು ಯುಕ್ತವೆ? ಯಾಯನ್ ರುಹಿಯಾನರು ಅಭಿನಯಿಸಿದ ‘ಮ್ಯಾಡ್ ಡಾಗ್’ ಎಂಬವನು ಕೈಗೆ ಸಿಕ್ಕ ಸಾರ್ಜೆಂಟನನ್ನು ಗುಂಡಿನಿಂದ ಕೊಲ್ಲದೆ, ಪಿಸ್ತೂಲನ್ನು ಬದಿಗಿಟ್ಟು ಬರಿಗೈಯ ಕಾಳಗಕ್ಕೆ ಕರೆಯುವನು. ಅವನ ಸ್ವಭಾವವೆಲ್ಲ ಅಷ್ಟರಲ್ಲಿಯೇ ತಿಳಿಯುವುದು. ಗೋಡೆಯ ಹಿಂದೆ ಅಡಗಿದ ರಾಮನ ಕೆನ್ನೆಯನ್ನು ಹೊರಗಿನಿಂದ ಚುಚ್ಚಿದ ಕತ್ತಿಯು ಸೀಳುತ್ತದೆ. ಅವನು ಉಸಿರೆತ್ತದೆ, ಕತ್ತಿ ಹಿಂದೆ ಸರಿಯುವಾಗ ಅದರ ನೆತ್ತರನ್ನು ಒರಸಿಬಿಡುತ್ತಾನೆ. ಆ ದೇಶದ ಕಾಳಗವಿದ್ಯೆಯಾದ ಪೆಂಚಕ್ ಸಿಲಾಟಿನ ಹೊಡೆತಗಳನ್ನು ಮಾತ್ರ ಎಣಿಸುವ ಅಭಿಮಾನಿಗೆ ಹೊಡೆದಾಟವೇ ಇಲ್ಲದ ಈ ಗಳಿಗೆಯ ಬೆಲೆ ತಿಳಿಯದು. ಕೊನೆಗೆ ಸೋದರರಿಬ್ಬರೂ ಕೂಡಿ ಮ್ಯಾಡ್ ಡಾಗನೊಡನೆ ಕಾದುವ ಪ್ರಸಂಗವಾದರೋ ಅತಿದೀರ್ಘ. ಅಲ್ಲಿ ಈಬರ್ಟರ ಮಾತಿಗೇ ಬಲ ಬರುವುದು.